ನನ್ನ ಹೆಸರಿನ ಫೈಲು

ನಮ್ಮ ಸೀನಿಯರ್ ಅವರ ತೋರುಬೆರಳು ಎಂಟರ್ ಕೀ ಮೇಲೆ, ಮುಟ್ಟಿಯೂ ಮುಟ್ಟದಂತೆ, ನಿಂತೇ ಇರುತ್ತಿತ್ತು. ತುದಿಯಲ್ಲಿ ಎಲೆಯಡಿಕೆಯ ಸುಣ್ಣದ ಬಿಳಿ ಕಲೆ. "ಓದಮ್ಮಾ," ಎನ್ನುತ್ತಿದ್ದರು. ಪರದೆಯ ಮೇಲಿನ ಕಮಾಂಡನ್ನು ನಾನು ಅಕ್ಷರ ಅಕ್ಷರ ಓದಬೇಕು. ಓದಿದ ಮೇಲೂ ನನ್ನನ್ನು ನಂಬದೆ, ತಾವೇ ಮತ್ತೆ ಓದಿ, ಆಮೇಲೆ ಒತ್ತುತ್ತಿದ್ದರು.

ದಾಬಸ್‌ಪೇಟೆಯ ಗೋದಾಮೊಂದರಲ್ಲಿ ನಮ್ಮ ಕೆಲಸ. ಅಲ್ಲಿನ ವೈಫೈಯನ್ನೆಲ್ಲ ನಡೆಸುವ ಕಂಟ್ರೋಲರ್ ನಿಂತರೆ ಲೋಡಿಂಗಿನವರ ಸ್ಕ್ಯಾನರ್ ನಿಲ್ಲುತ್ತದೆ, ಲಾರಿಗಳು ಹೈವೇವರೆಗೆ ಸಾಲುಗಟ್ಟುತ್ತವೆ. ಆ ಯಂತ್ರ ಆನ್ ಆಗಿ ಏಳುವಾಗ ಪ್ರತಿಸಲವೂ ಒಂದು ಗೊತ್ತಾದ ಹೆಸರಿನ ಸಿಸ್ಟಂ ಫೈಲನ್ನೇ ಹುಡುಕುತ್ತದೆ. ಹೊಸ ಸಾಫ್ಟ್‌ವೇರ್ ಬಂದಾಗ ಬೇರೆಯವರಾದರೆ ಹಳೆಯ ಫೈಲನ್ನು ಅಳಿಸಿಬಿಡುತ್ತಾರೆ. ಇವರು ಅದರ ಹೆಸರು ಬದಲಿಸಿ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. "ಹೊಸ್ದು ಯಾವಾಗ ಕೈ ಕೊಡುತ್ತೋ ಯಾರಿಗ್ಗೊತ್ತು?"

ಅನುಮಾನ ಅವರ ಹುಟ್ಟುಗುಣ. ಕ್ಯಾಂಟೀನಿನ ಟೀಯನ್ನು ಮೂಸದೆ ಕುಡಿಯುತ್ತಿರಲಿಲ್ಲ. ಬೀಗ ಹಾಕಿ ಗೇಟಿನವರೆಗೆ ಹೋದವರು ಮತ್ತೆ ಬಂದು ಜಗ್ಗಿ ನೋಡುತ್ತಿದ್ದರು. ಜೊತೆಯಲ್ಲಿದ್ದು ಆ ರೋಗ ನನಗೂ ಅಂಟಿತು. ನಾನು ಅವರನ್ನೇ ಅನುಮಾನಿಸತೊಡಗಿದೆ.

ಒಂದು ದಿನ ಹಳೆಯ ಫೈಲಿಗೆ ಅವರು ಟೈಪಿಸಿದ್ದ ಹೆಸರು ನೋಡಿದೆ. ನನ್ನ ಹೆಸರು! ನಾನು ಕಾಂಟ್ರಾಕ್ಟಿನವಳು, ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ಮ್ಯಾನೇಜರ್ ಅಳೆದು ತೂಗುತ್ತಿದ್ದ ಸಮಯ ಅದು. ನಾಳೆ ಏನಾದರೂ ಕೆಟ್ಟರೆ ನನ್ನ ತಲೆಗೆ ಕಟ್ಟುವ ಹುನ್ನಾರ ಇದು ಎಂದುಕೊಂಡೆ.

"ನನ್ನ ಹೆಸ್ರು ಯಾಕ್ ಸರ್?"

"ಇರ್ಲಿ ಬಿಡಮ್ಮಾ, ನಿನ್ ಗಂಟೇನ್ ಹೋಗುತ್ತೆ?"

ಬೆರಳು ಇನ್ನೂ ಎಂಟರ್ ಮೇಲೆಯೇ ಇತ್ತು. ಸಾಕ್ಷಿಗಿರಲೆಂದು, ಮೆಸೇಜು ನೋಡುವವಳಂತೆ ನಟಿಸಿ, ಒಂದು ಫೋಟೋ ತೆಗೆದುಕೊಂಡೆ.

ಅದೇ ವಾರ ಅವರಿಗೆ ಹೃದಯಾಘಾತವಾಯಿತು. ನೆಲಮಂಗಲದ ಆಸ್ಪತ್ರೆಯಿಂದ ಅವರು ಮರಳಲಿಲ್ಲ. ಮಣ್ಣು ಮಾಡಿ ಬಂದ ಮಾರನೆಯ ದಿನ ಗೋದಾಮಿನಲ್ಲಿ ಕರೆಂಟು ಹೋಗಿ ಬಂತು; ಕಂಟ್ರೋಲರ್ ಮಾತ್ರ ಏಳಲಿಲ್ಲ. ಹೊಸ ಫೈಲು ಕೆಟ್ಟಿತ್ತು.

ಮ್ಯಾನೇಜರ್ ಬಾಗಿಲಲ್ಲಿ ನಿಂತು, "ನಿಮ್ ಕೈಲಾಗುತ್ತೇನಮ್ಮಾ, ಇಲ್ಲಾ ಹೊರಗಿನವ್ರನ್ನ ಕರೆಸ್ಲಾ?" ಎಂದರು.

ಲ್ಯಾಪ್‌ಟಾಪಿನಿಂದ ಕಂಟ್ರೋಲರಿಗೆ ಕೇಬಲ್ ಚುಚ್ಚಿ ನೋಡಿದೆ. ನನ್ನ ಹೆಸರಿನ ಫೈಲು ಅಲ್ಲೇ ಇತ್ತು. ಕೆಟ್ಟದ್ದಕ್ಕೆ ಬೇರೆ ಹೆಸರಿಟ್ಟು ಬದಿಗೆ ಸರಿಸಿದೆ. ನನ್ನ ಹೆಸರನ್ನು ತೆಗೆದು ಯಂತ್ರ ಹುಡುಕುವ ಹೆಸರನ್ನು ಟೈಪಿಸಿ, ಎಂಟರ್ ಮೇಲೆ ಬೆರಳಿಟ್ಟೆ. ಒತ್ತಲು ಧೈರ್ಯ ಬರಲಿಲ್ಲ.

"ಸರ್, ಒಂದ್ಸಲ ಓದಿ."

ಮ್ಯಾನೇಜರ್ ಓದಿದರು. ಅವರನ್ನು ನಂಬದೆ ನಾನೇ ಮತ್ತೆ ಓದಿ ಒತ್ತಿದೆ. ಯಂತ್ರವನ್ನು ಆರಿಸಿ ಮತ್ತೆ ಆನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಹೊರಗೆ ಸ್ಕ್ಯಾನರ್‌ಗಳ ಸದ್ದು ಕೇಳಿಸಿತು.

"ನಿಮ್ ಸೀನಿಯರ್ ಆಸ್ಪತ್ರೇಲೇ ಹೇಳಿದ್ರು ಕಣಮ್ಮಾ," ಎಂದರು ಮ್ಯಾನೇಜರ್. "'ಮಷೀನ್ ನಿಂತ್ರೆ ಅವ್ಳನ್ನ ಕೇಳಿ, ಯಾರನ್ನ ಕೇಳ್ಬೇಕು ಅಂತ ಅದ್ರಲ್ಲೇ ಹೆಸ್ರು ಹಾಕಿದೀನಿ' ಅಂತ. ನಾನೇ ನಂಬಿರ್ಲಿಲ್ಲ."

ನನ್ನ ಕೆಲಸ ಕಾಯಂ ಆಯಿತು. ಸಾಕ್ಷಿಗೆಂದು ತೆಗೆದ ಫೋಟೋ ಇನ್ನೂ ಫೋನಿನಲ್ಲಿದೆ. ಅವರದೆಂದು ನನ್ನ ಬಳಿ ಬೇರೆ ಚಿತ್ರವಿಲ್ಲ. ಪರದೆಯ ಮೇಲೆ ನನ್ನ ಹೆಸರು. ಕೆಳಗೆ, ಒತ್ತಲೋ ಬೇಡವೋ ಎಂದು ನಿಂತ ಆ ಸುಣ್ಣದ ಬೆರಳು.