ನನ್ನ ಬಾಯಿ ಬಿಡಿಸಿದ ಟೀಚರ್

ಬೆಳಗಿನ ಎರಡನೇ ಪೀರಿಯಡ್ ಮುಗಿಯುವ ಹೊತ್ತಿಗೆ ನಮ್ಮ ಜರ್ಮನ್ ಟೀಚರ ಮೂಗಿನ ತುದಿ ಬೆಳ್ಳಗಾಗಿರುತ್ತಿತ್ತು. ಯೋಚನೆ ಬಂದಾಗಲೆಲ್ಲ ಸೀಮೆಸುಣ್ಣ ಹಿಡಿದ ಕೈಯಲ್ಲೇ ಮೂಗು ಉಜ್ಜಿಕೊಳ್ಳುವ ಅಭ್ಯಾಸ. ಯೋಚನೆಯಂತೂ ಅವರಿಗೆ ಒಂದೇ ಸಮನೆ ಬರುತ್ತಿತ್ತು. ಎತ್ತರದ ಆಳು, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು, ಮೊಣಕೈಗೆ ತೇಪೆ ಹಾಕಿದ ಹಸಿರು ಸ್ವೆಟರ್. ಯಾರಾದರೂ ಮೂಗು ತೋರಿಸಿದರೆ ಒರೆಸಿಕೊಳ್ಳದೆ, "ಸರಿ, ಇವತ್ತು ಸಂಬಳಕ್ಕೆ ತಕ್ಕ ಕೆಲಸ ಆಗಿದೆ" ಎನ್ನುತ್ತಿದ್ದರು. ಅವರು ಜರ್ಮನ್‌ನಲ್ಲಿ ಆಡಿದ ಮಾತುಗಳೆಲ್ಲ ನನಗೀಗ ಕನ್ನಡದಲ್ಲೇ ನೆನಪಿವೆ. ಹಾಗೇ ಬರೆಯುತ್ತೇನೆ.

ಗ್ರೀನ್‌ಕಾರ್ಡ್ ಕೊಟ್ಟು ಜರ್ಮನಿ ಸಾಫ್ಟ್‌ವೇರಿನವರನ್ನು ಕರೆಸಿಕೊಂಡ ಕಾಲ ಅದು. ನನ್ನ ಗಂಡನಿಗೆ ಉಂಟರ್‌ಫ್ಯೋರಿಂಗ್ ಎಂಬ ಊರಿನಲ್ಲಿ ಕೆಲಸ. ಅವರಿಗೆ ಆಫೀಸಿನ ಅನುಮತಿ, ನನಗೆ ಅಡುಗೆಮನೆಯ ಅನುಮತಿ. ಮೈಸೂರಿನಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿ ಮದುವೆಯಾಗಿ ಬಂದವಳು ನಾನು. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರಾಗಬೇಕೆಂಬುದು ಲಂಗ ಹಾಕುವ ವಯಸ್ಸಿನಿಂದ ಇದ್ದ ಆಸೆ. ವಿಚಾರಿಸಿದರೆ, ಅದಕ್ಕೂ ಇಲ್ಲಿ ಯೂನಿವರ್ಸಿಟಿ ಡಿಗ್ರಿ ಬೇಕು, ನಿಮ್ಮ ಓದು ಅಲ್ಲಿ ಸೇರಲು ಸಾಲದು, ಮೊದಲು ಸ್ಟೂಡಿಯನ್‌ಕೊಲೆಗ್ ಎಂಬ ತಯಾರಿ ಕಾಲೇಜಿನಲ್ಲಿ ಒಂದು ವರ್ಷ ಓದಿ ಪಾಸಾಗಿ ಬನ್ನಿ ಎಂದರು.

"ಒಂದನೇ ಕ್ಲಾಸಿಗೆ ಅಕ್ಷರ ಹೇಳ್ಕೊಡೋಕೆ ಇಷ್ಟೆಲ್ಲಾ ಓದ್ಬೇಕೇನೇ? ನಮ್ಮೂರಲ್ಲಾಗಿದ್ರೆ ಇಷ್ಟು ಹೊತ್ತಿಗೆ ಹೆಡ್‌ಮಿಸ್ ಆಗಿರ್ತಿದ್ದೆ" ಎಂದು ಗಂಡ ನಕ್ಕರು. ನಕ್ಕವರೇ ಮರುವಾರ ರಜೆ ಹಾಕಿ ಸೇರಿಸಿ ಬಂದರು.

ಮೊದಲ ದಿನ ಜರ್ಮನ್ ಟೀಚರ್ ಒಳಗೆ ಬಂದರು. ನಾನು ಥಟ್ಟನೆ ಎದ್ದು ನಿಂತೆ. ಇಡೀ ತರಗತಿಯಲ್ಲಿ ನಿಂತವಳು ನಾನೊಬ್ಬಳೇ. ಅವರು ಗಾಬರಿಯಿಂದ ಹಿಂತಿರುಗಿ ಬಾಗಿಲ ಕಡೆ ನೋಡಿದರು, ಆಮೇಲೆ ಹಾಜರಿ ನೋಡಿ, "ಕೂತ್ಕೊಳ್ಳಿ, ಫ್ರೌ ಹುಣಸೂರು. ನನ್ನ ಹಿಂದೆ ಮಂತ್ರಿಗಳು ಯಾರೂ ಬರ್ತಿಲ್ಲ" ಎಂದರು. ಪಾಸ್‌ಪೋರ್ಟಿನವರು ನನ್ನ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೇ ಮನೆತನ ಮಾಡಿಬಿಟ್ಟಿದ್ದರು. ಅದು ಊರು ಎಂದು ತಿಳಿದ ಮೇಲೆ ಅವರಿಗೆ ಇನ್ನೂ ಖುಷಿ. ತರಗತಿಯಲ್ಲಿ ಒಂದು ಊರಿನಷ್ಟು ದೊಡ್ಡ ವಿದ್ಯಾರ್ಥಿನಿ ಇದುವರೆಗೆ ಇರಲಿಲ್ಲವಂತೆ.

ಆದರೆ ನನ್ನ ವಿದ್ಯೆಗೆ ಬಾಯಿರಲಿಲ್ಲ. ಬರೆಯಲು ಕೊಟ್ಟರೆ ಪುಟಗಟ್ಟಲೆ ಬರೆಯುತ್ತಿದ್ದೆ, ಕೇಳಿದರೆ ಉತ್ತರ ಹೇಳುತ್ತಿದ್ದೆ. ಕೇಳದೆ ಮಾತಾಡಿ ಅಭ್ಯಾಸವಿರಲಿಲ್ಲ. ಮಿಕ್ಕವರು ಟೀಚರ ಮಾತಿನ ಮಧ್ಯೆಯೇ ನುಗ್ಗಿ, ಹಾಗಲ್ಲ ಹೀಗೆ ಎಂದು ವಾದಕ್ಕಿಳಿಯುತ್ತಿದ್ದರು. ಗುರುಗಳಿಗೆ ಎದುರಾಡುವುದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಅರ್ಧ ವರ್ಷ ಕಳೆದಾಗ ಅವರು ನನ್ನನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಡಬ್ಬಿಯಲ್ಲಿದ್ದ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟರು. ಕಷ್ಟದ ವಿಷಯವನ್ನು ಅವರು ಯಾರಿಗೂ ಖಾಲಿ ಹೊಟ್ಟೆಯಲ್ಲಿ ಹೇಳುತ್ತಿರಲಿಲ್ಲ.

"ಬರವಣಿಗೆಯಲ್ಲಿ ನೀವೇ ಮುಂದು. ಆದರೆ ಕೊನೆಯಲ್ಲಿ ಮೌಖಿಕ ಪರೀಕ್ಷೆ ಇದೆ. ಅಲ್ಲಿ ನಿಮ್ಮ ಅಭಿಪ್ರಾಯ ಹೇಳಿ ವಾದಿಸಬೇಕು. ಹೀಗೇ ಇದ್ದರೆ ಫೇಲಾಗ್ತೀರಿ."

"ನೀವು ಹೇಳಿದ್ದು ಸರಿ ಮೇಡಂ" ಎಂದೆ.

"ನೋಡಿ, ಅದನ್ನೂ ಒಪ್ಪಿಕೊಂಡ್ರಿ" ಎಂದು ಅವರು ತಲೆ ಮೇಲೆ ಕೈ ಹೊತ್ತರು.

ಗಂಡನ ಗ್ರೀನ್‌ಕಾರ್ಡ್ ಐದು ವರ್ಷದ್ದು. ಈ ವರ್ಷ ಕೈತಪ್ಪಿದರೆ ಡಿಗ್ರಿಯ ಆಸೆಯನ್ನೇ ಬಿಡಬೇಕಿತ್ತು. ಅಡುಗೆಮನೆಯಲ್ಲಿ ಕುಕ್ಕರಿನ ಎದುರು ನಿಂತು ವಾದ ಮಾಡಿ ನೋಡಿದೆ. ಕುಕ್ಕರ್ ಹಿರಿಯರಲ್ಲ, ಹಾಗಾಗಿ ಚೆನ್ನಾಗಿಯೇ ಬರುತ್ತಿತ್ತು.

ಪರೀಕ್ಷೆಯ ದಿನ ಮೇಜಿನ ಆಚೆ ಮೂವರು, ನಡುವೆ ನಮ್ಮ ಟೀಚರ್. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಶಾಲೆಗೆ ಬಂದಾಗ ಏನು ಮಾಡಬೇಕು ಎಂಬುದು ವಿಷಯ. ಎರಡು ವಾಕ್ಯ ಹೇಳಿ ಸುಮ್ಮನಾದೆ. ಟೀಚರ ಪಕ್ಕ ಕೂತಿದ್ದವರು ಪೆನ್ನು ಕೆಳಗಿಟ್ಟರು. ಆಗ ಟೀಚರ್ ಮೂಗು ಉಜ್ಜಿಕೊಂಡು, "ನನ್ನನ್ನು ಕೇಳಿದರೆ ಆ ತಾಯಂದಿರು ಮನೆಯಲ್ಲೂ ಜರ್ಮನ್ನೇ ಮಾತಾಡಬೇಕು. ಮನೆಭಾಷೆ ಮಗುವಿಗೊಂದು ಹೊರೆ, ಬೇಗ ಇಳಿಸಿಬಿಟ್ಟರೆ ಒಳ್ಳೆಯದು" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಇಲ್ಲ. ನೀವು ಹೇಳುವುದು ತಪ್ಪು" ಎಂದೆ. ಬರದ ಜರ್ಮನ್‌ನಲ್ಲಿ ತಾಯಿ ಮಗುವನ್ನು ಹೇಗೆ ಮುದ್ದಿಸುತ್ತಾಳೆ, ಹೇಗೆ ಗದರುತ್ತಾಳೆ ಎಂದು ಕೇಳಿದೆ. ಮನೆಯ ಮಾತಿಗೆ ನಾಚಿಕೆಪಡುವ ಮಗು ನಾಳೆ ಮನೆಯವರಿಗೂ ನಾಚಿಕೆಪಡುತ್ತದೆ ಎಂದೆ. ಅವರು ಅಡ್ಡ ಬಂದರು, ಬಿಡಲಿಲ್ಲ. ಇನ್ನೊಬ್ಬರು ಅಡ್ಡ ಬಂದರು, ಅವರನ್ನೂ ಬಿಡಲಿಲ್ಲ. ಕೊನೆಗೆ ಸಮಯ ಆಯಿತೆಂದು ಅವರೇ ಕೈ ಎತ್ತಬೇಕಾಯಿತು.

ಹೊರಗೆ ಬಂದ ಮೇಲೆ, ಏನು ಮಾಡಿಬಿಟ್ಟೆ ಎಂಬುದು ಹೊಳೆಯಿತು. ಅನ್ನ ಹಂಚಿ ತಿನ್ನಿಸಿದ ಹಿರಿಯರಿಗೆ, ಅದೂ ಇನ್ನಿಬ್ಬರೆದುರು, ತಪ್ಪು ಎಂದುಬಿಟ್ಟಿದ್ದೆ. ಅವರು ಬಾಗಿಲು ತೆರೆದು ಬಂದದ್ದೇ ತಡ, ಹೋಗಿ ಬಗ್ಗಿ ಕಾಲು ಮುಟ್ಟಿದೆ. ಅವರಿಗೇನು ಗೊತ್ತು ಪಾಪ, ತಾವೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೆಲ ತಡಕಾಡುತ್ತಾ, "ಏನು ಬಿತ್ತು? ಕಿವಿಯೋಲೆಯೇ?" ಎಂದರು. ಕ್ಷಮೆ ಕೇಳುತ್ತಿದ್ದೇನೆ ಎಂದು ಅಳುತ್ತಲೇ ವಿವರಿಸಿದೆ. ಅವರು ನಗಲಿಲ್ಲ. ನೆಲದ ಮೇಲೆಯೇ ಕೂತರು.

"ಪಾಸಾಗಿದ್ದೀರಿ. ಅಳು ನಿಲ್ಲಿಸಿ."

"ನನ್ನ ಬಾಯಿ ಬಿಡಿಸೋಕೆ ಹಾಗೆ ಹೇಳಿದ್ರಾ, ಅಥವಾ ನಿಜವಾಗಿ ನಂಬಿದ್ರಾ?"

"ಬಾಯಿ ಬಿಡಿಸೋಕೇ ಹೇಳಿದೆ. ಆದರೆ ಇವತ್ತು ಬೆಳಿಗ್ಗೆಯವರೆಗೆ ನಂಬಿಯೂ ಇದ್ದೆ."

ಎರಡನೇ ಮಹಾಯುದ್ಧ ಮುಗಿದಾಗ ಪೂರ್ವದ ಊರು ಬಿಟ್ಟು ಓಡಿಬಂದ ಮನೆ ಅವರದು. ಇಲ್ಲಿಯ ಶಾಲೆಯಲ್ಲಿ ಅವರ ಮನೆಮಾತಿಗೆ ಎಲ್ಲರೂ ನಗುತ್ತಿದ್ದರಂತೆ. ಬಿಟ್ಟುಬಿಡು, ನಿನಗೇ ಒಳ್ಳೆಯದು ಎಂದರಂತೆ ಆ ಶಾಲೆಯ ಟೀಚರ್. ಬಿಟ್ಟರು. "ಅಮ್ಮ ಕೊನೆಯವರೆಗೂ ಅದರಲ್ಲೇ ಮಾತಾಡಿದಳು. ನಾನು ಉತ್ತರ ಕೊಡಲಿಲ್ಲ" ಎಂದರು.

ಗಂಡನ ಕಾರ್ಡಿನ ಅವಧಿ ಮುಗಿದ ಮೇಲೂ ನಾವು ಇಲ್ಲೇ ಉಳಿದೆವು. ನಾನು ಡಿಗ್ರಿ ಮುಗಿಸಿ ಒಂದನೇ ತರಗತಿಯ ಟೀಚರಾದ ಮೇಲೂ ಅವರು ಕೆಲವು ವರ್ಷ ಇದ್ದರು. ಮನೆಗೆ ಬಂದು ಉಪ್ಪಿಟ್ಟು ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದರು. ನಾನು ಅವರಿಗೋಸ್ಕರ, ಇಲ್ಲೇ ಹುಟ್ಟಿದ ನನ್ನ ಮಗಳ ಹತ್ತಿರ ಜರ್ಮನ್‌ಗೆ ತಿರುಗಿದರೆ ರೇಗುತ್ತಿದ್ದರು. "ನನಗೆ ಅರ್ಥ ಆಗದಿದ್ದರೆ ಏನೂ ಮುಳುಗಿಹೋಗಲ್ಲ. ನಿಮ್ಮದರಲ್ಲೇ ಬೈಯಿರಿ." ಮಗಳು ಮಾತ್ರ ಕನ್ನಡಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರ ಕೊಡುತ್ತಿದ್ದಳು. ಕೊಡಲಿ ಬಿಡಿ, ಕೇಳಿಸಿಕೊಳ್ತಿದ್ದಾಳೆ ಎನ್ನುತ್ತಿದ್ದರು. ಅವರೆಂದರೆ ನನಗೆ ಪ್ರಾಣ. ಇದನ್ನು ಅವರ ಮುಂದೆ ಒಮ್ಮೆಯೂ ಹೇಳಲಿಲ್ಲ, ನಮ್ಮಲ್ಲಿ ಹೇಳುವ ವಾಡಿಕೆಯಿಲ್ಲ.

ಅವರನ್ನು ಮಣ್ಣು ಮಾಡಿದ ದಿನ ಹಿಮ ಕರಗಿ ಎಲ್ಲೆಲ್ಲೂ ಕೆಸರು. ಒಬ್ಬೊಬ್ಬರಾಗಿ ಬಂದು ಹಿಡಿ ಮಣ್ಣು ಹಾಕಿ ಸರಿಯುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನನ್ನ ಸರದಿ ಬಂದಾಗ ಮಣ್ಣು ಹಾಕಿ, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೇ, "ಹೋಗಿ ಬನ್ನಿ ಮೇಡಂ" ಎಂದೆ.

ಹಿಂದಿದ್ದ ಮುದುಕರೊಬ್ಬರು, ಏನೆಂದಿರಿ ಎಂದು ಮೆಲ್ಲನೆ ಕೇಳಿದರು. ನಾನು ತಿರುಗುವುದರೊಳಗೆ ಮಗಳೇ ಅವರಿಗೆ ಜರ್ಮನ್‌ನಲ್ಲಿ ಹೇಳಿದಳು: "ಹೋಗಿ, ಆದರೆ ತಿರುಗಿ ಬನ್ನಿ ಅಂತ. ನಮ್ಮಲ್ಲಿ ಬರೀ ಹೋಗಿ ಅಂತ ಹೇಳೋ ಹಾಗಿಲ್ಲ."