ಹಡಗಿನ ಬಾಗಿಲು ಮುಚ್ಚಿದ ನನ್ನ ತಮ್ಮ

“ಅಕ್ಕಾ, ಹಡಗಲ್ಲಿ ಒಂದು ಬಾಗಿಲು ದಾಟಿದ್ರೆ ಹಿಂದೆ ಅದನ್ನ ಮುಚ್ಚಲೇಬೇಕು. ಸುಮ್ನೆ ದೂಡಿ ಬರೋದಲ್ಲ, ಹಿಡಿಕೆ ತಿರುಗಿಸಿ ಬಿಗಿ ಮಾಡ್ಬೇಕು. ಒಂದು ಕೋಣೆಗೆ ನೀರು ನುಗ್ಗಿದ್ರೆ ಅಲ್ಲೇ ನಿಲ್ಬೇಕು, ಪಕ್ಕದ್ದಕ್ಕೆ ಬರಬಾರದು, ಅದಕ್ಕೆ. ತೆರೆದಿಟ್ಟು ಬಂದ್ರೆ ಅಲ್ಲಿ ಬೈಗಳ. ಇಲ್ಲಿ ಮನೇಲಿ ಮುಚ್ಚಿದ್ರೆ ನಿನ್ನ ನಾದಿನಿ ಕೈಲಿ ಬೈಗಳ. ನಾನೆಲ್ಲಿಗೆ ಹೋಗ್ಲಿ ಹೇಳು? ಕೂತ್ರೆ ನಿಲ್ಲೋಣ ಅನ್ಸುತ್ತೆ, ನಿಂತ್ರೆ ನಡೆಯೋಣ ಅನ್ಸುತ್ತೆ. ನಾನು ದುಡಿದ ಆ ಹಡಗನ್ನೇ ಈಗ ಬಂದರಲ್ಲಿ ಕಟ್ಟಿಹಾಕಿ, ಜನ ನೋಡೋಕೆ ಇಟ್ಟಿದ್ದಾರಂತೆ. ಒಂದ್ಸಲ ಒಳಗೆ ಹೋಗಿ ಬಂದ್ರೆ ಈ ಜೀವ ಒಂದು ಕಡೆ ನಿಲ್ಲುತ್ತೇನೋ. ನೀನೂ ಬಾ.”

ಹೀಗೆಂದವನು ನನ್ನ ತಮ್ಮ. ಯುದ್ಧದ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಮನೆಗೆ ಬಂದ ಮೇಲೆ ಅವನ ಕಾಲು ಒಂದು ಕಡೆ ನಿಂತದ್ದೇ ಇಲ್ಲ. ಮೆಣಸಿನಕಾಯಿ ಹುರಿಯುವಾಗಲೂ ಅಡುಗೆಮನೆಯ ಬಾಗಿಲು ಮುಚ್ಚುತ್ತಿದ್ದ; ಅವನ ಹೆಂಡತಿ, ನನ್ನ ನಾದಿನಿ, ಒಳಗೇ ಕೆಮ್ಮಿ ಸುಸ್ತಾಗುತ್ತಿದ್ದಳು. ಬೀದಿಯವರು ಅವನಿಗೆ ‘ಚಿಲಕ’ ಎಂದೇ ಹೆಸರಿಟ್ಟಿದ್ದರು.

ಮೂವರೂ ಹೋದೆವು. ದಡದಿಂದ ಹಡಗಿಗೆ ಹಾಕಿದ್ದ ಹಲಗೆ ದಾಟಿ ಒಳಗೆ ಕಾಲಿಟ್ಟವನು ಮೊದಲು ಕಿವಿಗೊಟ್ಟ. “ಎಂಜಿನ್ ಸದ್ದೇ ಇಲ್ವಲ್ಲಕ್ಕಾ” ಎಂದ. ಗೋಡೆಗೆ ಅಂಗೈ ಒತ್ತಿ ನೋಡಿದ. ತಣ್ಣಗಿತ್ತು. ಅವನು ಮಲಗುತ್ತಿದ್ದ ಸಣ್ಣ ಮಂಚದ ಮೇಲೆ ಈಗ ಸಮವಸ್ತ್ರ ತೊಟ್ಟ ಗೊಂಬೆಯೊಂದು ಮಲಗಿತ್ತು.

“ನಿಮಗಿಂತ ಇದೇ ವಾಸಿ. ಹೇಗೆ ಅಲ್ಲಾಡದೆ ಬಿದ್ಕೊಂಡಿದೆ ನೋಡಿ” ಎಂದಳು ನಾದಿನಿ.

ಅವನು ನಗಲಿಲ್ಲ. ಸರಸರ ಮುಂದೆ ನಡೆದ. ನಾವು ಅವನ ಬೆನ್ನಿಗೇ ಓಡಿದೆವು. ಕಬ್ಬಿಣದ ಬಾಗಿಲೊಂದನ್ನು ನಾವು ದಾಟಿದ್ದೇ ತಡ, ಅವನು ಅದನ್ನು ಗೋಡೆಗೆ ಸಿಕ್ಕಿಸಿದ್ದ ಕೊಕ್ಕೆ ಬಿಡಿಸಿ, ಧಡಕ್ಕನೆ ಮುಚ್ಚಿ ಹಿಡಿಕೆ ಬಿಗಿದ. ಹಿಂದೆ ಬರುತ್ತಿದ್ದ ಜನ ಆಚೆಯೇ ಉಳಿದರು. ಬಡಿತ ಕೇಳಿಸಿತು, ಜೊತೆಗೆ ಮಗುವಿನ ಅಳು.

ಕಾವಲಿನವನು ಓಡಿ ಬಂದು ತೆಗೆದ. “ಏನ್ ಯಜಮಾನ್ರೇ, ಜನ ಬರ್ತಾ ಇರೋದು ಕಾಣಲ್ವಾ?”

“ತೆರೆದೇ ಇತ್ತಪ್ಪ. ನೀರು ನುಗ್ಗಿದ್ರೆ?”

“ಈ ಹಡಗು ಇನ್ನೆಲ್ಲಿಗೆ ಹೋಗುತ್ತೆ? ಇಲ್ಲಿನ ಬಾಗಿಲೆಲ್ಲ ತೆರೆದಿಡೋಕೇ ಇರೋದು.”

ತಮ್ಮ ಆ ಅಳುವ ಮಗುವನ್ನೇ ನೋಡುತ್ತ ನಿಂತ. ಆಮೇಲೆ ತಾನೇ ಬಾಗಿಲನ್ನು ಗೋಡೆಗೆ ಒರಗಿಸಿ ಕೊಕ್ಕೆ ಹಾಕಿದ. ಸರಿಯಾಗಿ ಕೂತಿದೆಯೋ ಎಂದು ಎಳೆದೂ ನೋಡಿದ. ಮನೆಗೆ ಮರಳುವ ಬಸ್ಸಿನಲ್ಲಿ ಸೀಟು ಬದಲಿಸುತ್ತಲೇ ಇದ್ದ.

ಮರುದಿನ ಬೆಳಿಗ್ಗೆ ನಾದಿನಿ ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ಹಿತ್ತಿಲಿಗೆ ಹೊರಟಳು. ಹಿಂದೆಯೇ ಬಂದ ತಮ್ಮ ಮುಚ್ಚಲು ಹಿತ್ತಿಲ ಬಾಗಿಲಿಗೆ ಕೈ ಹಾಕಿದವನು ಹಾಗೇ ನಿಂತ. ಅಂಗಳದಿಂದ ಇಟ್ಟಿಗೆಯೊಂದನ್ನು ತಂದು, ಬಾಗಿಲು ಮುಚ್ಚದಂತೆ ಅಡ್ಡ ಇಟ್ಟ.

“ಮುಚ್ಚಲ್ವಾ?” ಎಂದೆ.

“ಇರ್ಲಿ, ಇವಳು ಓಡಾಡ್ತಾಳೆ.”

ಆಮೇಲೆ ಬಕೆಟ್ಟಿನಿಂದ ಒಂದೊಂದೇ ಬಟ್ಟೆ ಎತ್ತಿ ಕೊಡವಿ ಹಗ್ಗಕ್ಕೆ ಹರವತೊಡಗಿದ. ಪ್ರತಿ ಸಲವೂ ತಿರುಗಿ ಬಾಗಿಲಿನತ್ತ ನೋಡುವುದು, ಕ್ಲಿಪ್ಪು ಹಾಕುವುದು, ಮತ್ತೆ ಬಕೆಟ್ಟಿಗೆ ಬಗ್ಗುವುದು.