ಹದಿನಾರು ಸ್ವಿಚ್ಚುಗಳ ಕಂಬಳಿ

ಕಂಪ್ಯೂಟರ್ ಎಂಬುದು ಮಾನವ ಬುದ್ಧಿಯ ಪರಮ ಸಾಧನೆ. ನಮ್ಮ ಕಚೇರಿಯಲ್ಲಿ ಮೊದಲ ತಿಂಗಳು ಅದರ ಮೇಲೆ ಛತ್ರಿ ನೇತುಹಾಕುತ್ತಿದ್ದರು.

೧೯೭೮. ವಿಜಾಪುರದ ಮಳೆ-ಬೆಳೆ ಅಂಕಿಅಂಶಗಳ ಕಚೇರಿಯಲ್ಲಿ ನಾನು ಪ್ರೋಗ್ರಾಮರ್. ಯಂತ್ರದ ಮೆಮೊರಿ ೩೨ ಕಿಲೋಬೈಟ್. ಅದರೊಂದಿಗೆ ಬಂದ ಆಪರೇಟಿಂಗ್ ಸಿಸ್ಟಮ್ಮೇ ೨೪ನ್ನು ನುಂಗುತ್ತಿತ್ತು. ತಿಕೋಟಾ, ಬಬಲೇಶ್ವರಗಳ ಮಳೆ ಲೆಕ್ಕಕ್ಕೆ ಜಾಗವಿಲ್ಲ. ನಮ್ಮಲ್ಲಿಲ್ಲದ ಸಲಕರಣೆಗಳಿಗೆಂದು ಬರೆದ ಭಾಗಗಳನ್ನೆಲ್ಲ ಕಿತ್ತು, ಅದರ ತಿರುಳಾದ ಕರ್ನೆಲ್ಲನ್ನು ಮೂರು ತಿಂಗಳಲ್ಲಿ ಹನ್ನೊಂದು ಕಿಲೋಬೈಟಿಗೆ ಇಳಿಸಿದೆ.

ಆಗೆಲ್ಲ ಯಂತ್ರವನ್ನು ಎಬ್ಬಿಸುವುದೇ ಒಂದು ವ್ರತ. ಮುಂಭಾಗದ ಹದಿನಾರು ಸ್ವಿಚ್ಚುಗಳನ್ನು ಮೇಲೆ-ಕೆಳಗೆ ಮಾಡಿ ಹದಿನಾಲ್ಕು ಆದೇಶಗಳನ್ನು ಊಡಿಸಿದರೆ ಮಾತ್ರ ಅದು ಕರ್ನೆಲ್ ಇದ್ದ ರಂಧ್ರಗಳ ಕಾಗದದ ಪಟ್ಟಿಯನ್ನು ಓದುತ್ತಿತ್ತು. ದಿನಾ ಬೆಳಿಗ್ಗೆ ಆ ಕೆಲಸ ಮಾಡುತ್ತಿದ್ದವರು ತಿಕೋಟಾದ ಅಟೆಂಡರ್ ಸಿದ್ರಾಮಪ್ಪನವರು. ಮನೆತನದ ಕಸುಬು ಕಂಬಳಿ ನೇಯ್ಗೆ.

ಆಮೇಲೆ ಫ್ಲಾಪಿ ಡ್ರೈವ್ ಬಂತು. ಜೋಳದ ರೊಟ್ಟಿಯಗಲದ ಫ್ಲಾಪಿಯ ಮೇಲೆ ಕರ್ನೆಲ್ ಬರೆದು ಬೂಟ್ ಡಿಸ್ಕ್ ಮಾಡಿದೆ. ಗುಂಡಿ ಒತ್ತಿದರೆ ಯಂತ್ರ ತಾನೇ ಏಳುತ್ತಿತ್ತು. ಎರಡನೆಯ ಪ್ರತಿ ಮಾಡುವುದು ಅಪನಂಬಿಕೆಯ ಲಕ್ಷಣವೆಂದು ಬಗೆದು ಇನ್ನೊಂದು ಫ್ಲಾಪಿಯನ್ನು ಖಾಲಿಯೇ ಇಟ್ಟೆ. ಸ್ವಿಚ್ಚುಗಳ ಕ್ರಮ ಬರೆದಿದ್ದ ಚೀಟಿಯನ್ನು ಗಾಂಭೀರ್ಯದಿಂದ ಹರಿದುಹಾಕಿದೆ. ಡಿಸ್ಕನ್ನು ಹೆಡ್ ಕ್ಲರ್ಕ್ ಗುಂಡೇರಾಯರಿಗೆ ಕೊಟ್ಟು, ಜೋಪಾನವಾಗಿಡಲು ಹೇಳಿದೆ.

ಮರುದಿನ ಹನ್ನೊಂದಕ್ಕೆ ಧಾರವಾಡದ ಅಧಿಕಾರಿಗಳು ಬರುವವರಿದ್ದರು. ಅವರ ಮುಂದೆ ಮಳೆ ಲೆಕ್ಕ ಬಾರದಿದ್ದರೆ ಯಂತ್ರ ಧಾರವಾಡಕ್ಕೆ; ಅದಕ್ಕೆ ಅಂಟಿಕೊಂಡಿದ್ದ ಸಿದ್ರಾಮಪ್ಪನವರ ಹುದ್ದೆ ರದ್ದು. ಅಂದು ಬೆಳಿಗ್ಗೆ ಒಂಬತ್ತಕ್ಕೆ ಡಿಸ್ಕ್ ಕೇಳಿದೆ.

"ದಬ್ಬಣ ಹಾಕಿ ಕಡತದಾಗ ಹೊಲದಿಟ್ಟೇನ್ರಿ ಸಾಹೇಬ್ರ," ಎಂದರು ರಾಯರು ಹೆಮ್ಮೆಯಿಂದ. "ಇನ್ನ ಯಾರಪ್ಪ ಬಂದ್ರೂ ಕಳಿಯಂಗಿಲ್ಲ!"

ಡಿಸ್ಕಿಗೆ ನಾಲ್ಕು ತೂತು; ಇನ್ನು ಯಂತ್ರ ಅದನ್ನು ಓದುವಂತಿರಲಿಲ್ಲ. ಕರ್ನೆಲ್ಲಿನ ಕಾಗದದ ಪಟ್ಟಿಯೇನೋ ಇತ್ತು; ಓದಿಸುವ ಚೀಟಿ ಇರಲಿಲ್ಲ.

"ಚೀಟಿ ಯಾಕ ಬೇಕ್ರಿ?" ಎಂದರು ಸಿದ್ರಾಮಪ್ಪನವರು. "ಮಗ್ಗದಾಗ ಎಳಿ ಎತ್ತಿದಂಗ ಐತಿ. ಒಂದ ಮ್ಯಾಲ, ಎರಡ ಕೆಳಗ... ನೀವು ಮಾತಾಡಬ್ಯಾಡ್ರಿ, ಎಣಿಕಿ ತಪ್ಪತೈತಿ."

ಸ್ವಿಚ್ಚುಗಳ ಮೇಲೆ ಅವರ ಬೆರಳು ಓಡಿತು. ಹತ್ತನೆಯ ಆದೇಶದ ಸಾಲಿನಲ್ಲಿ ಕೈ ನಿಂತಿತು.

"ಎಳಿ ತಪ್ಪೇತಿ. ಹಿಂದಿಂದು ಬಿಚ್ಚಬೇಕು."

ಒಂಬತ್ತನೆಯದನ್ನು ತಿದ್ದಿದರು, ಹದಿನಾಲ್ಕನ್ನೂ ಮುಗಿಸಿದರು. ಪಟ್ಟಿ ಕಟಕಟನೆ ಓಡಿತು. ಖಾಲಿ ಫ್ಲಾಪಿಯ ಮೇಲೆ ಹೊಸ ಬೂಟ್ ಡಿಸ್ಕ್ ಸಿದ್ಧವಾದಾಗ ಹತ್ತೂವರೆ; ಹನ್ನೊಂದಕ್ಕೆ ಅಧಿಕಾರಿಗಳ ಮುಂದೆ ಮಳೆ ಲೆಕ್ಕ ಬಂತು.

ಕರ್ನೆಲ್ಲನ್ನು ಇಳಿಸಿದವನು ನಾನೆಂಬ ಜಂಬ ಅಂದೇ ಇಳಿಯಿತು. ಯಂತ್ರ ಏಳುವ ದಾರಿ ಒಂದೇ ಕಡೆ ಇರಬಾರದು ಎಂಬುದನ್ನು ಕಲಿತೆ. ಆ ಹದಿನಾಲ್ಕು ಸಾಲುಗಳನ್ನು ಸಿದ್ರಾಮಪ್ಪನವರು ಹೇಳಿದರು, ನಾನು ಬರೆದುಕೊಂಡೆ.

ಯಂತ್ರ ವಿಜಾಪುರದಲ್ಲೇ ಉಳಿಯಿತು. ಸಿದ್ರಾಮಪ್ಪನವರ ಹುದ್ದೆಯೂ.